ಕರೆಂಟ್ ಬಿಲ್ ಕಟ್ಟೋಕೆ ಆಗ್ತಿಲ್ವಾ? ಫ್ಯೂಸ್ ಕೀಳುವ ಮೊದಲು ಏನು ಮಾಡಬೇಕು: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಬಿಲ್ಲಿನ ಕಷ್ಟ ಶುರುವಾಗುವುದೇ ಮಳೆಗಾಲದಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಮಳೆ ಹಿಡಿದರೆ ಕೂಲಿ ಕಡಿಮೆ. ಸೌದೆ ಒದ್ದೆ, ಹಂಡೆ ಒಲೆ ಉರಿಯುವುದಿಲ್ಲ ಅಂತ ಬಕೆಟ್ಟಿಗೆ ಹೀಟರ್ ಕಾಯಿಲ್ ಇಳಿಯುತ್ತದೆ, ಬಟ್ಟೆ ಒಣಗಲಿ ಅಂತ ಫ್ಯಾನ್ ಹಗಲೂ ರಾತ್ರಿ ತಿರುಗುತ್ತದೆ. ಮನೆಯಲ್ಲಿ ಬಾಣಂತಿಯೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಬಿಸಿನೀರು ಬೇಡ ಅನ್ನುವ ಹಾಗೂ ಇಲ್ಲ. ದುಡಿಮೆ ಇಲ್ಲದ ತಿಂಗಳಲ್ಲೇ ಬಿಲ್ ಜಾಸ್ತಿ ಬರುತ್ತದೆ.

ಇಂಥ ಮನೆಗಳಲ್ಲಿ ಜನ ಮಾಡುವುದು ಏನು ಗೊತ್ತಾ? ಬಿಲ್ಲನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಲೈನ್‌ಮ್ಯಾನ್ ಬಂದರೆ ಒಳಗಿದ್ದೂ ಬಾಗಿಲು ತೆಗೆಯುವುದಿಲ್ಲ. ಹೆದರಿಕೆ, ನಾಚಿಕೆ ಎರಡೂ ಅರ್ಥವಾಗುತ್ತದೆ. ಆದರೆ ಬಿಲ್ಲಿನ ಕೊನೆಯಲ್ಲಿ ಅಚ್ಚಾಗಿರುವ ಮೊತ್ತ ಒಂದೇ ಗಂಟಲ್ಲ. ಅದರಲ್ಲಿ ಈ ತಿಂಗಳ ಬಳಕೆ ಒಂದಿಷ್ಟು, ಹಳೇ ಬಾಕಿ ಒಂದಿಷ್ಟು, ಬಡ್ಡಿ, ಕೆಲವು ಸಲ ಠೇವಣಿ, ಕೆಲವು ಸಲ ತಪ್ಪು ರೀಡಿಂಗ್ ಕೂಡ ಇರುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಇದೆ. ಕೆಲವನ್ನು ಕಟ್ಟಲೇಬೇಕು, ಕೆಲವನ್ನು ಕಂತು ಮಾಡಿಸಬಹುದು, ಕೆಲವನ್ನು ಪ್ರಶ್ನೆ ಮಾಡಬಹುದು. ಬಿಡಿಸಿ ನೋಡಿದವರಿಗೆ ಮಾತ್ರ ಇದು ಗೊತ್ತಾಗುತ್ತದೆ.

ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ನಾಲ್ಕು ಜಿಲ್ಲೆಗೆ ಕರೆಂಟ್ ಕೊಡುವುದು ಮೆಸ್ಕಾಂ. ಊರಲ್ಲಿ ಈಗಲೂ ಎಲ್ಲರೂ ಕೆಇಬಿ ಅಂತಲೇ ಕರೆಯುವುದು, ನಾನೂ ಎರಡನ್ನೂ ಬಳಸುತ್ತೇನೆ.

ಇವತ್ತೋ ನಾಳೆಯೋ ಕಟ್ ಆಗುವ ಹಾಗಿದ್ದರೆ

ಇದನ್ನು ಮೊದಲು ಓದಿ, ಉಳಿದದ್ದು ಆಮೇಲೆ.

ವಿದ್ಯುತ್ ಕಾಯ್ದೆ 2003ರ 56ನೇ ಸೆಕ್ಷನ್ ಪ್ರಕಾರ ಬಾಕಿಗೋಸ್ಕರ ಸಂಪರ್ಕ ಕಡಿಯಬೇಕಾದರೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬಾಯಲ್ಲಿ "ನಾಳೆ ಬಂದು ಕಿತ್ತುಕೊಂಡು ಹೋಗ್ತೀನಿ" ಅಂದರೆ ಅದು ನೋಟಿಸ್ ಆಗುವುದಿಲ್ಲ. ಆದ್ದರಿಂದ ಯಾರಾದರೂ ಫ್ಯೂಸ್ ಕೀಳಲು ಬಂದರೆ ಜಗಳಕ್ಕೆ ಇಳಿಯಬೇಡಿ, "ಅಣ್ಣ, ನೋಟಿಸ್ ಯಾವ ತಾರೀಕಿಂದು, ಸ್ವಲ್ಪ ತೋರ್ಸಿ" ಅಂತ ಕೇಳಿ. ಬಿಲ್ಲಿನ ಹಿಂದೆ ಮುಂದೆ ಸಣ್ಣ ಅಕ್ಷರದಲ್ಲಿ ಏನು ಅಚ್ಚಾಗಿದೆ ಅಂತಲೂ ನೋಡಿ, ಎಷ್ಟೋ ಸಲ ಕೊನೆ ದಿನ, ಕಡಿತದ ಎಚ್ಚರಿಕೆ ಅಲ್ಲೇ ಇರುತ್ತದೆ. ಬಂದವರು ಆದೇಶ ಪಾಲಿಸುವ ನೌಕರರು, ತೀರ್ಮಾನ ಅವರ ಕೈಯಲ್ಲಿ ಇಲ್ಲ. ಅವರ ಎದುರಿಗೇ ನಿಮ್ಮ ಕಡೆಯ ಕೆಇಬಿ ಸೆಕ್ಷನ್ ಆಫೀಸಿಗೆ ಫೋನ್ ಮಾಡಿ, ಮನೆಯಲ್ಲಿ ಯಾರಿದ್ದಾರೆ, ಎಷ್ಟು ಕಟ್ಟಲು ಆಗುತ್ತದೆ ಹೇಳಿ.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮುಖ್ಯವಾದ ಮಾತಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಿಲ್ಲೇ ತಪ್ಪು ಅನ್ನುವುದು ನಿಮ್ಮ ತಕರಾರಾಗಿದ್ದರೆ, ಅವರು ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳು ನೀವು ಕಟ್ಟಿದ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು "ಆಕ್ಷೇಪಣೆಯೊಂದಿಗೆ" ಕಟ್ಟಬಹುದು. ಹಾಗೆ ಕಟ್ಟಿದರೆ ತಕರಾರು ತೀರ್ಮಾನ ಆಗುವವರೆಗೆ ಕರೆಂಟ್ ಕಡಿಯುವ ಹಾಗಿಲ್ಲ. ತಿಂಗಳಿಗೆ ಇನ್ನೂರು ರೂಪಾಯಿ ಕಟ್ಟುತ್ತಿದ್ದ ಮನೆಗೆ ಒಮ್ಮೆಲೇ ಎಂಟು ಸಾವಿರದ ಬಿಲ್ ಬಂದಾಗ ಇದೇ ನಿಮ್ಮ ಆಸರೆ. ಆದರೆ ದುಡ್ಡಿನ ಜೊತೆ ಒಂದು ಕಾಗದವೂ ಹೋಗಬೇಕು. ಅದರಲ್ಲಿ ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ ಅಂತ ಸ್ಪಷ್ಟವಾಗಿ ಬರೆದು, ಇನ್ನೊಂದು ಪ್ರತಿಗೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ಬನ್ನಿ. ಆ ಸೀಲಿನ ಪ್ರತಿ ಕೈಯಲ್ಲಿ ಇಲ್ಲದಿದ್ದರೆ ಆಮೇಲೆ ಏನೂ ಸಾಬೀತು ಮಾಡಲು ಆಗುವುದಿಲ್ಲ.

ಆಫೀಸ್ ಮುಚ್ಚಿದೆ, ರಜೆ ಇದೆ, ಮಳೆಗೆ ರಸ್ತೆ ಬಂದ್ ಅಂದರೆ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಬಿಲ್ಲನ್ನು ಬಿಡಿಸಿ ಓದುವುದು

ಬೆಳಕಿಗೆ ಹಿಡಿದು ಓದಿ. ಥರ್ಮಲ್ ಕಾಗದದ ಅಕ್ಷರ ಮಳೆಗಾಲದ ತೇವಕ್ಕೆ ಬೇಗ ಮಾಸುತ್ತದೆ, ಅದಕ್ಕೇ ಕೈಗೆ ಬಂದ ದಿನವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೊದಲು ಆರ್.ಆರ್. ನಂಬರ್ (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಮತ್ತು ಖಾತೆ ಸಂಖ್ಯೆ ನೋಡಿ, ಅದು ನಿಮ್ಮ ಮನೆಯದ್ದೇ ಅಲ್ವಾ? ಒಂದೇ ಕಾಂಪೌಂಡಿನಲ್ಲಿ ಎರಡು ಮನೆ ಇರುವ ಕಡೆ ಬಿಲ್ ಅದಲುಬದಲಾಗುವುದು ಉಂಟು. ಆಮೇಲೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್. ಮೀಟರಿನ ಹತ್ತಿರ ಹೋಗಿ ಅಲ್ಲಿರುವ ಸಂಖ್ಯೆ ನೋಡಿ. ಮೀಟರಿನ ಸಂಖ್ಯೆ ಬಿಲ್ಲಿನ ಈಗಿನ ರೀಡಿಂಗಿಗಿಂತ ಕಡಿಮೆ ಇದ್ದರೆ ತಪ್ಪು ಅಲ್ಲೇ ಸಿಕ್ಕಿತು, ಫೋಟೋ ತೆಗೆದುಕೊಂಡು ನೇರ ಆಫೀಸಿಗೆ ಹೋಗಿ.

2025–26ರ ದರದಲ್ಲಿ ಮನೆ ಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಇದರ ಮೇಲೆ ಮಂಜೂರಾದ ಲೋಡಿಗೆ ತಕ್ಕಂತೆ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ ಯೂನಿಟ್ಟಿಗೆ 36 ಪೈಸೆ, ಜೊತೆಗೆ ಶೇಕಡಾ 9ರ ವಿದ್ಯುತ್ ತೆರಿಗೆ. ತಡವಾದರೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೀಳುತ್ತದೆ. ಬಡ್ಡಿ ನೋಡಿ ಗಾಬರಿ ಬೇಡ: ಸಾವಿರ ರೂಪಾಯಿ ಬಾಕಿಗೆ ತಿಂಗಳಿಗೆ ಹತ್ತು ರೂಪಾಯಿ. ಇದನ್ನು ಒಮ್ಮೆಲೇ ತೀರಿಸಬೇಕು ಅಂತ ಹೊರಗೆ ನೂರಕ್ಕೆ ಐದು, ಹತ್ತರ ಬಡ್ಡಿಗೆ ಸಾಲ ತಂದರೆ ಅಲ್ಲಿಗೆ ಮನೆ ಇನ್ನೂ ಆಳಕ್ಕೆ ಇಳಿಯುತ್ತದೆ.

"ಹೆಚ್ಚುವರಿ ಭದ್ರತಾ ಠೇವಣಿ" ಅಂತ ಒಂದು ಸಾಲು ಇದ್ದರೆ ಅದು ನೀವು ಬಳಸಿದ ಕರೆಂಟಿನ ದುಡ್ಡಲ್ಲ. ಬಳಕೆ ಜಾಸ್ತಿಯಾದ ಮನೆಗಳಿಂದ ಕೇಳುವ ಠೇವಣಿ ಅದು, ಅದಕ್ಕೆ ಬಡ್ಡಿಯೂ ಬರುತ್ತದೆ. ಕೊಡಲು ಕಾಯ್ದೆಯಲ್ಲಿ ನೋಟಿಸ್ ಬಂದಮೇಲೆ 30 ದಿನ ಇದೆ. ಕಷ್ಟದ ತಿಂಗಳಲ್ಲಿ ಬಳಕೆಯ ದುಡ್ಡು ಮೊದಲು, ಇದು ಆಮೇಲೆ ಅಂತ ಕೇಳಿಕೊಳ್ಳಿ.

ಎರಡು ವರ್ಷಕ್ಕೂ ಹಳೆಯದಾದ ಬಾಕಿ ಇದ್ದಕ್ಕಿದ್ದ ಹಾಗೆ ಈ ತಿಂಗಳ ಬಿಲ್ಲಿನಲ್ಲಿ ಹೊಸದಾಗಿ ಕಾಣಿಸಿಕೊಂಡಿದೆಯಾ? ನಡುವಿನ ಬಿಲ್ಲುಗಳಲ್ಲಿ ಅದನ್ನು ಬಾಕಿ ಅಂತ ತೋರಿಸುತ್ತಾ ಬಂದಿರದಿದ್ದರೆ ವಸೂಲಿಗೆ 56ನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ ಅಡ್ಡ ಬರುತ್ತದೆ. ಹಳೇ ಬಿಲ್ಲುಗಳನ್ನು ಎಸೆಯಬೇಡಿ ಅನ್ನುವುದು ಇದಕ್ಕೇ.

ಗೃಹಜ್ಯೋತಿ ಇದ್ದೂ ಬಿಲ್ ಯಾಕೆ ಬರುತ್ತದೆ

"200 ಯೂನಿಟ್ ಫ್ರೀ ಅಂದಿದ್ರಲ್ಲ, ನಮಗೆ ಯಾಕೆ ಬಿಲ್?" ಅನ್ನುವ ಪ್ರಶ್ನೆ ಎಲ್ಲ ಕಡೆ ಕೇಳುತ್ತೇನೆ. ಎಲ್ಲರಿಗೂ 200 ಯೂನಿಟ್ ಇಲ್ಲ. 2023ರ ಜುಲೈ ಬಳಕೆಯಿಂದ ಜಾರಿಯಾದ ಈ ಯೋಜನೆಯಲ್ಲಿ ಒಂದೊಂದು ಮನೆಗೂ ಅದರದ್ದೇ ಮಿತಿ ಇದೆ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದರೆ ಬರುವುದು ಆ ಮನೆಯ ಉಚಿತ ಯೂನಿಟ್. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದ ಸಣ್ಣ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಿ ಕೊಡಬೇಕು ಅಂತ 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ಹಳೇ ಬಳಕೆಯ ಲೆಕ್ಕವೇ ಇಲ್ಲದ ಹೊಸ ಸಂಪರ್ಕಕ್ಕೆ 58 ಯೂನಿಟ್.

ಇದರ ಪರಿಣಾಮ ನೋಡಿ. ಒಂಟಿ ಅಜ್ಜಿ ಇದ್ದ ಮನೆಯ ಸರಾಸರಿ 30 ಯೂನಿಟ್ ಅಂತ ಇಟ್ಟುಕೊಳ್ಳಿ, ಅವರಿಗೆ ಉಚಿತ 40. ಅಜ್ಜಿಗೆ ಹುಷಾರಿಲ್ಲ ಅಂತ ಮಗಳು, ಮೊಮ್ಮಕ್ಕಳು ಬಂದು ಇದ್ದರು, ಆ ತಿಂಗಳ ಬಳಕೆ 90 ಆಯಿತು. 50 ಯೂನಿಟ್ಟಿನ ದುಡ್ಡು, ತೆರಿಗೆ ಸೇರಿ ಮುನ್ನೂರಕ್ಕೂ ಜಾಸ್ತಿ ಬಿಲ್ ಬರುತ್ತದೆ. ಜಾಸ್ತಿ ಬಳಸುವ ಮನೆಗೆ ಜಾಸ್ತಿ ಉಚಿತ, ಬಡತನದಿಂದ ಕಡಿಮೆ ಬಳಸುತ್ತಿದ್ದ ಮನೆಗೆ ಕಡಿಮೆ ಉಚಿತ ಆಗಿರುವುದು ಈ ಲೆಕ್ಕದ ದೊಡ್ಡ ಕೊರತೆ ಅಂತಲೇ ನನ್ನ ಅನಿಸಿಕೆ. ಇದು ಸರಿಯಾಗಬೇಕು.

ಇನ್ನೊಂದು ಕಡೆ 200ರ ಗೆರೆ. ತಿಂಗಳ ಬಳಕೆ 200 ದಾಟಿದರೆ ಆ ತಿಂಗಳು ಉಚಿತ ಏನೂ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಎರಡು ಕಿಲೋವ್ಯಾಟ್ ಲೋಡಿನ ಮನೆಯಲ್ಲಿ 201 ಯೂನಿಟ್ ಆದರೆ ಬಿಲ್ ಸಾವಿರದ ಐನೂರು ದಾಟುತ್ತದೆ. ಅದಕ್ಕೇ ಮಿತಿಯ ಹತ್ತಿರ ಇರುವ ಮನೆಯವರು ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡಿ. ಹದಿನೈದು ದಿನಕ್ಕೆ ನೂರು ದಾಟಿದ್ದರೆ ಉಳಿದ ದಿನ ಕಾಯಿಲ್ ಕಡಿಮೆ ಮಾಡಿ. 1500 ವ್ಯಾಟ್ ಕಾಯಿಲ್ ಒಂದು ಗಂಟೆಗೆ ಒಂದೂವರೆ ಯೂನಿಟ್, 2 ಕಿಲೋವ್ಯಾಟ್ ಗೀಸರ್ ಎರಡು ಯೂನಿಟ್ ತಿನ್ನುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ನೂರು ಗಂಟೆಗೂ ಜಾಸ್ತಿ ಉರಿದರೆ ಒಂದು ಯೂನಿಟ್. ಹಾಗಾಗಿ ಓದುವ ಮಕ್ಕಳ ಲೈಟ್ ಆರಿಸಿ ಉಳಿಸಲು ಹೋಗಬೇಡಿ, ಉಳಿತಾಯ ಇರುವುದು ಬಚ್ಚಲಲ್ಲಿ.

ಇನ್ನೂ ಗೃಹಜ್ಯೋತಿಗೆ ಅರ್ಜಿಯನ್ನೇ ಹಾಕದ ಮನೆಗಳು ಈಗಲೂ ಇವೆ, ಹೆಚ್ಚಾಗಿ ವಯಸ್ಸಾದವರು ಮತ್ತು ಬಾಡಿಗೆಯವರು. ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ಆಧಾರ್, ಫೋನ್ ನಂಬರ್ ತೆಗೆದುಕೊಂಡು ಗ್ರಾಮ ಒನ್‌ಗೋ ಕರ್ನಾಟಕ ಒನ್‌ಗೋ ಹೋಗಿ, ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಹಾಕಿಕೊಡುತ್ತಾರೆ. ಬಾಡಿಗೆ ಮನೆಯವರೂ ಹಾಕಬಹುದು, ಬಾಡಿಗೆ ಕರಾರು ಪತ್ರವೋ ಆ ವಿಳಾಸದ ವೋಟರ್ ಐಡಿಯೋ ಬೇಕು. ಮೀಟರ್ ಯಾರ ಹೆಸರಿನಲ್ಲಿದೆ ಅನ್ನುವುದು ಅಡ್ಡಿ ಆಗಬಾರದು.

ಬಾಡಿಗೆಯವರಿಗೆ ಒಂದು ತೊಡಕು ಇದೆ. ಒಂದು ಆಧಾರಿಗೆ ಒಂದೇ ಮೀಟರ್. ಶಿವಮೊಗ್ಗದ ವಿನೋಬನಗರದಿಂದ ಗೋಪಾಳಕ್ಕೆ ಮನೆ ಬದಲಿಸಿದಿರಿ, ಹಳೇ ಮನೆಗೆ ಜೋಡಿಸಿದ ಆಧಾರ್ ಹಾಗೇ ಉಳಿದರೆ ಹೊಸ ಮನೆಗೆ ಸಿಗುವುದಿಲ್ಲ. ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡುವ, ಅಂದರೆ ಹಳೇ ಮನೆಯಿಂದ ಆಧಾರ್ ಬಿಡಿಸುವ ಅವಕಾಶ 2024ರಲ್ಲಿ ಬಂತು. ಮೊದಲು ಡಿ-ಲಿಂಕ್, ಆಮೇಲೆ ಹೊಸ ಮನೆಗೆ ಅರ್ಜಿ. ಹಾಗೇ ನಿಮಗಿಂತ ಮುಂಚೆ ಇದ್ದವರು ಬಿಡಿಸಿಕೊಂಡು ಹೋಗಿದ್ದಾರಾ ಅಂತ ಮನೆ ಮಾಲೀಕರನ್ನು ಕೇಳಿ. ಮನೆಯ ಯಜಮಾನರು ತೀರಿಕೊಂಡು, ಸಂಪರ್ಕವೂ ಗೃಹಜ್ಯೋತಿಯೂ ಅವರ ಹೆಸರಿನಲ್ಲೇ ಇದ್ದರೆ ಮರಣ ಪ್ರಮಾಣ ಪತ್ರ ಕೊಟ್ಟು ಹೆಸರು ಬದಲಾವಣೆಗೆ ಹಾಕಿ. ದುಃಖದ ಮನೆಯಲ್ಲಿ ಇದು ಕೊನೆಗೆ ನೆನಪಾಗುವ ಕೆಲಸ, ಅಕ್ಕಪಕ್ಕದವರು ಮಾಡಿಸಿಕೊಟ್ಟರೆ ದೊಡ್ಡ ಉಪಕಾರ.

ಭಾಗ್ಯಜ್ಯೋತಿ, ಕುಟೀರ ಜ್ಯೋತಿ, ಅಮೃತ ಜ್ಯೋತಿ ಅನ್ನುವ ಹಳೇ ಉಚಿತ ಕರೆಂಟ್ ಯೋಜನೆಗಳಲ್ಲಿ ಇದ್ದವರು ಈಗ ಗೃಹಜ್ಯೋತಿಯ ಒಳಗೇ ಬರುತ್ತಾರೆ. ಗೃಹಜ್ಯೋತಿಗೆ ಸೇರಿದ ಮಾತ್ರಕ್ಕೆ ಹಳೇ ಬಾಕಿ ಮಾಫಿ ಆಗುವುದಿಲ್ಲ, ಅದಕ್ಕೆ ಕಂತಿನ ದಾರಿ, ಕೆಳಗೆ ಹೇಳುತ್ತೇನೆ.

ರೀಡಿಂಗ್ ಆಗದ ತಿಂಗಳು, ಓಡುವ ಮೀಟರ್

ಮಲೆನಾಡಿನ ಮನೆಗಳು ದೂರ ದೂರ. ಸಂಕ ದಾಟಿ, ಕಾನು ಸುತ್ತಿ ಹೋಗಬೇಕಾದ ಒಂಟಿ ಮನೆಗೆ ಮಳೆಗಾಲದಲ್ಲಿ ಮೀಟರ್ ರೀಡರ್ ಬರಲಾಗದೇ ಇರಬಹುದು. ಮನೆಯವರೆಲ್ಲ ತೋಟದ ಕೆಲಸಕ್ಕೆ ಹೋಗಿ ಬಾಗಿಲು ಹಾಕಿದ್ದರೂ ಡೋರ್ ಲಾಕ್ ಅಂತ ಸರಾಸರಿ ಬಿಲ್ ಹಾಕುತ್ತಾರೆ. ಎರಡು ತಿಂಗಳು ಹೀಗೆ ಆಗಿ ಮೂರನೇ ತಿಂಗಳು ಅಸಲಿ ರೀಡಿಂಗ್ ಬಂದಾಗ ಎಲ್ಲ ಯೂನಿಟ್ ಒಂದೇ ತಿಂಗಳ ತಲೆಗೆ ಬೀಳುತ್ತದೆ. ಉಚಿತ ಮಿತಿ ದಾಟುತ್ತದೆ, ಕೆಲವು ಸಲ 200ರ ಗೆರೆಯೂ ದಾಟುತ್ತದೆ. ಇಂಥ ಬಿಲ್ ಬಂದರೆ ಸುಮ್ನೆ ಕಟ್ಟಬೇಡಿ. "ಈ ಯೂನಿಟ್‌ಗಳು ಇಷ್ಟು ತಿಂಗಳದ್ದು, ತಿಂಗಳಿಗೆ ಹಂಚಿ, ಪ್ರತಿ ತಿಂಗಳ ಗೃಹಜ್ಯೋತಿ ಲಾಭ ಕೊಟ್ಟು ಬಿಲ್ ಪರಿಷ್ಕರಿಸಿ" ಅಂತ ಬರೆದುಕೊಡಿ. ರೀಡಿಂಗ್ ಐದಾರು ದಿನ ತಡವಾಗಿ ತೆಗೆದಿದ್ದರೂ ದಿನದ ಲೆಕ್ಕಕ್ಕೆ ಸರಿಮಾಡಿ ಅಂತ ಕೇಳಿ.

2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಒಂದು ಹಣಕಾಸು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ತಾತ್ಕಾಲಿಕ ಬಿಲ್ (ರೀಡಿಂಗ್ ಇಲ್ಲದ ಅಂದಾಜು ಬಿಲ್) ಹಾಕಬಾರದು ಅಂತ ಇದೆ. ಮೀಟರ್ ಕೈಗೆ ಸಿಗದೆ ಸತತ ಎರಡು ಸಲ ರೀಡಿಂಗ್ ತಪ್ಪಿದರೆ ಗ್ರಾಹಕರೇ ಮೀಟರಿನ ಫೋಟೋ ಕಳಿಸಬಹುದು. ಅದೇ ನಿಯಮದಲ್ಲಿ ಹಿರಿಯ ನಾಗರಿಕರಿಗೆ ಅರ್ಜಿ ಪಡೆಯುವುದು, ಬಿಲ್ ಕಟ್ಟಿಸಿಕೊಳ್ಳುವುದು ಮುಂತಾದ ಸೇವೆ ಮನೆ ಬಾಗಿಲಿನಲ್ಲೇ ಕೊಡಬೇಕು ಅಂತಲೂ ಇದೆ. ನಡೆಯಲಾಗದ ಅಜ್ಜ ಅಜ್ಜಿಯರು ಇರುವ ಮನೆಯವರು ಇದನ್ನು ಹೆಸರು ಹೇಳಿ ಕೇಳಬೇಕು, ಕೇಳದಿದ್ದರೆ ಯಾರೂ ತಾವಾಗಿ ಬರುವುದಿಲ್ಲ.

ಮೀಟರ್ ಮೇಲೆ ಅನುಮಾನವೇ? ಮೊದಲು ಮನೆಯಲ್ಲೇ ನೋಡಿ. ಮೇನ್ ಆನ್ ಇಟ್ಟು ಎಲ್ಲ ಸ್ವಿಚ್ ಆರಿಸಿ, ಫ್ರಿಡ್ಜ್ ಪ್ಲಗ್ ಕೂಡ ತೆಗೆದು, ಹತ್ತು ನಿಮಿಷ ಮೀಟರಿನ ಕೆಂಪು ದೀಪ ನೋಡುತ್ತಾ ನಿಲ್ಲಿ. ಏನೂ ಉರಿಯದೇ ದೀಪ ಮಿಣುಕುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಹಳೇ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲಿನ ವೈರಿಂಗ್ ಮಳೆಗೆ ನೆಂದು ಅರ್ತ್ ಆಗುವುದು ಮಾಮೂಲು. ಇದು ಬಿಲ್ಲಿನ ಪ್ರಶ್ನೆಗಿಂತ ಜೀವದ ಪ್ರಶ್ನೆ, ಗೋಡೆ ಜುಮ್ ಅಂದರೆ ಮೇನ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ಮೇನ್ ಆರಿಸಿದ ಮೇಲೂ ಮಿಣುಕಿದರೆ ಮೀಟರ್ ಪರೀಕ್ಷೆಗೆ ಬರೆದುಕೊಡಿ. ರೀಡಿಂಗಿಗೂ ಬಳಕೆಗೂ ತಾಳೆ ಇಲ್ಲ ಅಂತ ಗ್ರಾಹಕರು ದೂರು ಕೊಟ್ಟರೆ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ಹೋಲಿಸಿ ನೋಡಬೇಕು ಅಂತ ಗ್ರಾಹಕರ ಹಕ್ಕುಗಳ ಅದೇ ನಿಯಮದ 2024ರ ತಿದ್ದುಪಡಿ ಹೇಳುತ್ತದೆ.

ಕಂತಿಗೆ ಅರ್ಜಿ

ಬಿಲ್ ಸರಿಯಾಗಿಯೇ ಇದೆ, ಆದರೆ ಕಟ್ಟಲು ಇಲ್ಲ. ಆಗ ಕೇಳಬೇಕಾದದ್ದು ಕಂತು. ಕೌಂಟರಿನಲ್ಲಿ ನಿಂತು ಬಾಯಲ್ಲಿ ಕೇಳಿದರೆ "ಆಗಲ್ಲ" ಅನ್ನುವುದು ಸುಲಭ. ಕಾಗದ ಕೊಟ್ಟರೆ ಮೇಲಿನವರು ನೋಡಬೇಕಾಗುತ್ತದೆ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಎಲ್ಲರೂ ಎಇಇ ಅಂತ ಕರೆಯುತ್ತಾರಲ್ಲ, ಅವರಿಗೆ ಬರೆಯಿರಿ. ಹೀಗೆ:

"ಮಾನ್ಯರೇ, ಆರ್.ಆರ್. ನಂಬರ್ ______ ನಮ್ಮ ವಾಸದ ಮನೆಯದ್ದು. ಈ ತಿಂಗಳ ಬಿಲ್ಲಿನಲ್ಲಿ ಹಳೇ ಬಾಕಿ ಸೇರಿ ______ ರೂಪಾಯಿ ಬಂದಿದೆ. ಮನೆಯಲ್ಲಿ 74 ವರ್ಷದ ಅತ್ತೆ ಹಾಸಿಗೆಯಲ್ಲಿದ್ದಾರೆ, ಮಳೆಗಾಲವಾದ್ದರಿಂದ ಎರಡು ತಿಂಗಳಿಂದ ಕೂಲಿ ಇಲ್ಲ. ಇವತ್ತು ______ ರೂಪಾಯಿ ಕಟ್ಟಿದ್ದೇನೆ, ರಸೀದಿ ಲಗತ್ತಿಸಿದ್ದೇನೆ. ಉಳಿದದ್ದನ್ನು ಪ್ರತಿ ತಿಂಗಳ ಬಿಲ್ಲಿನ ಜೊತೆ ______ ರೂಪಾಯಿಯಂತೆ ಕಟ್ಟಲು ಅವಕಾಶ ಕೊಟ್ಟು, ಅಲ್ಲಿಯವರೆಗೆ ಸಂಪರ್ಕ ಕಡಿಯಬಾರದಾಗಿ ಕೋರುತ್ತೇನೆ."

ಇಷ್ಟೇ ಸಾಕು. ಗೋಳು ಉದ್ದ ಬರೆಯಬೇಡಿ, ಮೊತ್ತ ಮತ್ತು ತಾರೀಕು ಖಚಿತವಾಗಿ ಬರೆಯಿರಿ. ಜೊತೆಗೆ ಬಿಲ್ಲಿನ ನಕಲು, ರೇಷನ್ ಕಾರ್ಡ್ ನಕಲು, ಕಾಯಿಲೆ ಇದ್ದರೆ ಡಾಕ್ಟರ್ ಚೀಟಿ. ಮೊದಲೇ ಸ್ವಲ್ಪ ದುಡ್ಡು ಕಟ್ಟಿ ರಸೀದಿ ಜೊತೆ ಹೋಗುವುದು ಬಹಳ ಮುಖ್ಯ, ಮುನ್ನೂರು ರೂಪಾಯಿ ಆದರೂ ಸರಿ. ಬರಿಗೈಲಿ ಕೇಳುವುದಕ್ಕೂ ಕಟ್ಟಿ ಕೇಳುವುದಕ್ಕೂ ಆಫೀಸಿನಲ್ಲಿ ಸಿಗುವ ಉತ್ತರವೇ ಬೇರೆ. ಕಂತಿನ ಮೊತ್ತ ಅಡಿಕೆ ಕೊಯ್ಲು ಶುರುವಾಗುವ ತಿಂಗಳ ನಂತರ ಜಾಸ್ತಿ, ಅಲ್ಲಿಯವರೆಗೆ ಕಡಿಮೆ ಅಂತ ಕೇಳಬಹುದು, ಕೂಲಿ ಯಾವಾಗ ಸಿಗುತ್ತದೆ ಅನ್ನುವುದು ಅಲ್ಲಿ ಕೂತವರಿಗೂ ಗೊತ್ತು. ಮಾಡಲಾಗದ ಕಂತಿಗೆ ಮಾತ್ರ ಒಪ್ಪಬೇಡಿ. ಒಂದು ಕಂತು ತಪ್ಪಿದರೆ ಎರಡನೇ ಸಲ ಕೇಳುವುದು ಕಷ್ಟ.

ಮನೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ

ಐದು ಲೀಟರಿನ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಇಡೀ ದಿನ ಓಡಿದರೆ ದಿನಕ್ಕೆ ಎಂಟು ಯೂನಿಟ್ಟಿಗೂ ಜಾಸ್ತಿ, ತಿಂಗಳಿಗೆ 250 ದಾಟುತ್ತದೆ. ಅಂದರೆ ಈ ಒಂದು ಯಂತ್ರವೇ ಬಡ ಮನೆಯನ್ನು ಗೃಹಜ್ಯೋತಿಯಿಂದ ಹೊರಗೆ ಹಾಕುತ್ತದೆ. ರಾತ್ರಿ ಎಂಟು ಗಂಟೆ ಮಾತ್ರ ಸಾಕಾದರೆ ತಿಂಗಳಿಗೆ 84 ಯೂನಿಟ್. ಎಷ್ಟು ಹೊತ್ತು ಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಬಿಲ್ ಉಳಿಸಲು ನೀವಾಗಿ ಸಮಯ ಕಡಿಮೆ ಮಾಡಲೇಬೇಡಿ.

ಮಾಡಬೇಕಾದದ್ದು ಇದು. ರೋಗಿಯ ಹೆಸರು, ಯಂತ್ರ, ದಿನಕ್ಕೆ ಎಷ್ಟು ಗಂಟೆ ಬೇಕು ಅಂತ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದಲೋ ನಿಮ್ಮ ತಾಲ್ಲೂಕು ಆಸ್ಪತ್ರೆಯಿಂದಲೋ ಪತ್ರ ತನ್ನಿ. ಅದರ ನಕಲನ್ನು ಸೆಕ್ಷನ್ ಆಫೀಸಿಗೆ ಕೊಟ್ಟು, ಈ ಮನೆಯ ಸಂಪರ್ಕ ಕಡಿಯುವ ಮೊದಲು ಫೋನ್ ಮಾಡಿ ತಿಳಿಸಬೇಕು, ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವಾಗಲೂ ಹೇಳಬೇಕು ಅಂತ ಬರೆದುಕೊಡಿ. ಲೈನ್‌ಮ್ಯಾನ್ ಫೋನ್ ನಂಬರ್ ಮನೆಯವರೆಲ್ಲರ ಹತ್ತಿರ ಇರಲಿ. ಗಾಳಿ ಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಆಗುಂಬೆ, ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಕಡೆ ಹೊಸದಲ್ಲ. ಬಿಲ್ ಕಟ್ಟಿದ್ದರೂ ಯಂತ್ರ ನಿಲ್ಲುತ್ತದೆ. ಹಾಗಾಗಿ ಒಂದು ತುಂಬಿದ ಸಿಲಿಂಡರ್ ಮನೆಯಲ್ಲಿ ಇರಲೇಬೇಕು, ಉಸಿರು ಕಷ್ಟವಾದರೆ ತಡ ಮಾಡದೆ 108.

ಸೆಕ್ಷನ್ ಆಫೀಸಿನಲ್ಲಿ ಕೆಲಸ ಆಗದಿದ್ದರೆ

ಉಪವಿಭಾಗಗಳಲ್ಲಿ ಮೆಸ್ಕಾಂ ಜನ ಸಂಪರ್ಕ ಸಭೆ ನಡೆಸುತ್ತದೆ, ಮೇಲಿನ ಅಧಿಕಾರಿಗಳೇ ಬರುತ್ತಾರೆ, ತಾರೀಕು ಪೇಪರಿನಲ್ಲಿ ಬರುತ್ತದೆ. ಸೀಲು ಹಾಕಿದ ಹಳೇ ಅರ್ಜಿ ಹಿಡಿದು ಹೋದರೆ ಬಿಲ್ ಪರಿಷ್ಕರಣೆಯಂಥ ಕೆಲಸ ಕೆಲವು ಸಲ ಅಲ್ಲೇ ತೀರುತ್ತದೆ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ವೇದಿಕೆಯ ಆದೇಶ ಒಪ್ಪಿಗೆ ಇಲ್ಲದಿದ್ದರೆ 30 ದಿನದೊಳಗೆ ಬೆಂಗಳೂರಿನ ವಿದ್ಯುತ್ ಒಂಬುಡ್ಸ್‌ಮನ್‌ಗೆ ಮೇಲ್ಮನವಿ. ಕಾಗದ ಬರೆಯಲು ಯಾರಾದರೂ ಬೇಕು ಅಂದರೆ ಶಿವಮೊಗ್ಗ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು.

ದುಡ್ಡು ಎಲ್ಲಿಂದ ಹೊಂದಿಸುವುದು

ಬಿಲ್ ಕಟ್ಟಿಕೊಡುವುದಕ್ಕೇ ಅಂತ ಒಂದು ಯೋಜನೆ ಹುಡುಕಿ ಕಾಯುತ್ತಾ ಕೂರಬೇಡಿ. ಬರಬೇಕಾದ ದುಡ್ಡು ಬರುತ್ತಿದೆಯಾ ಅಂತ ಮೊದಲು ನೋಡಿ. ಮನೆಯೊಡತಿಗೆ ಗೃಹಲಕ್ಷ್ಮಿಯ 2000 ರೂಪಾಯಿ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾದ 1200 ರೂಪಾಯಿ, ವಿಧವಾ ವೇತನ, ಅಂಗವಿಕಲರ ವೇತನ. ಎಷ್ಟೋ ಮನೆಗಳಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಬಿಟ್ಟುಹೋಗಿ ತಿಂಗಳುಗಟ್ಟಲೆ ಪಿಂಚಣಿ ನಿಂತಿರುತ್ತದೆ, ಅದು ಬಿಲ್ ಬಾಕಿಯಾದ ಮೇಲೆಯೇ ಗೊತ್ತಾಗುವುದು. ಪಿಂಚಣಿಗೆ ನಾಡಕಚೇರಿ, ಗೃಹಲಕ್ಷ್ಮಿಗೆ ಅಂಗನವಾಡಿ ಮೇಲ್ವಿಚಾರಕಿ ಅಥವಾ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸ್. ಗ್ರಾಮ ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇಕಡಾ 5 ಅಂಗವಿಕಲರಿಗೆ ಮೀಸಲು, ನಿಮ್ಮ ಮನೆಗೆ ಅದರಲ್ಲಿ ಏನು ಸಹಾಯ ಆಗಬಹುದು ಅಂತ ಪಿಡಿಒ ಹತ್ತಿರ ಬರವಣಿಗೆಯಲ್ಲಿ ಕೇಳಿ.

ಸಾಲವೇ ಬೇಕು ಅಂದರೆ ನಿಮ್ಮದೇ ಸ್ವಸಹಾಯ ಸಂಘದ ಉಳಿತಾಯದಿಂದ ತೆಗೆಯಿರಿ. ವಾರದ ಕಂತಿನ ಮೈಕ್ರೋ ಫೈನಾನ್ಸ್ ಬಿಲ್ಲಿಗೋಸ್ಕರ ಬೇಡವೇ ಬೇಡ. ಒಂಟಿಯಾಗಿರುವ ಹಿರಿಯರಿಗೆ ಯಾರೂ ಇಲ್ಲ ಅಂದರೆ 14567 ಹಿರಿಯರ ಸಹಾಯವಾಣಿ.

ಅಡುಗೆ ಗ್ಯಾಸಿನ ಬಗ್ಗೆಯೂ ಎರಡು ಮಾತು. ಸಿಲಿಂಡರ್ ಖಾಲಿಯಾದ ತಿಂಗಳು ಕರೆಂಟ್ ಒಲೆ ಇಟ್ಟು ಬಿಲ್ ಏರಿಸಿಕೊಂಡವರು ಇದ್ದಾರೆ. ಉಜ್ವಲಾ ಸಂಪರ್ಕ ಇದ್ದರೆ 14.2 ಕೆಜಿ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಖಾತೆಗೆ ಬರಬೇಕು, 2025–26ಕ್ಕೆ ವರ್ಷಕ್ಕೆ 9 ಸಿಲಿಂಡರ್‌ವರೆಗೆ. ಬರುತ್ತಿಲ್ಲ ಅಂದರೆ ಏಜೆನ್ಸಿಯಲ್ಲಿ ಇ-ಕೆವೈಸಿ ಆಗಿದೆಯಾ ನೋಡಿ. ಒಮ್ಮೆಲೇ ದೊಡ್ಡ ಸಿಲಿಂಡರಿಗೆ ದುಡ್ಡಿಲ್ಲದವರು 5 ಕೆಜಿಯದ್ದು ಕೇಳಬಹುದು.

ಮೋಸದ ಮೆಸೇಜ್

"ಇವತ್ತು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಕರೆ ಮಾಡಿ" ಅಂತ ಮೆಸೇಜ್ ಬಂದರೆ ಅದು ಕಳ್ಳರದ್ದು. ಕರೆ ಮಾಡಿದರೆ ಒಂದು ಆ್ಯಪ್ ಹಾಕಿಸುತ್ತಾರೆ, ಹತ್ತು ರೂಪಾಯಿ ಕಟ್ಟಿ ಅನ್ನುತ್ತಾರೆ, ಖಾತೆ ಖಾಲಿ. ಬಾಕಿ ಇರುವವರೇ ಇದಕ್ಕೆ ಬೇಗ ಸಿಕ್ಕಿಬೀಳುವುದು, ಮೊದಲೇ ಹೆದರಿರುತ್ತಾರಲ್ಲ. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ.

ಕಟ್ ಆಗಿಯೇ ಹೋಗಿದ್ದರೆ

ಕಂಬದಿಂದ ಕೊಕ್ಕೆ ಹಾಕಬೇಡಿ, ಪಕ್ಕದ ಮನೆಯಿಂದ ವೈರ್ ಎಳೆಯಬೇಡಿ. ಕೊಕ್ಕೆ ಹಾಕುವುದು ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ನಿನಲ್ಲಿ ಕಳ್ಳತನದ ಕೇಸ್, ಅದಕ್ಕಿಂತ ದೊಡ್ಡದು ಮಳೆಯಲ್ಲಿ ಒದ್ದೆ ಕೈಯಲ್ಲಿ ಜೀವ ಹೋಗುವುದು. ಅವತ್ತೇ ಆಫೀಸಿಗೆ ಹೋಗಿ ಎರಡು ಪ್ರಶ್ನೆ ಕೇಳಿ: ಮತ್ತೆ ಸಂಪರ್ಕ ಕೊಡಲು ಕನಿಷ್ಠ ಎಷ್ಟು ಕಟ್ಟಬೇಕು, ಮರುಸಂಪರ್ಕ ಶುಲ್ಕ ಎಷ್ಟು. ನೋಟಿಸ್ ಇಲ್ಲದೆ ಕಡಿದಿದ್ದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಕಟ್ಟಿದ ರಸೀದಿಯ ಫೋಟೋ ಲೈನ್‌ಮ್ಯಾನ್‌ಗೆ ಕಳಿಸಿ, 1912ರಲ್ಲೂ ಮರುಸಂಪರ್ಕದ ದೂರು ದಾಖಲಿಸಿ. ಬಾಕಿ ಹಾಗೇ ಬಹಳ ತಿಂಗಳು ಬಿಟ್ಟರೆ ಮೀಟರನ್ನೇ ತೆಗೆದುಕೊಂಡು ಹೋಗುತ್ತಾರೆ, ಆಗ ಹೊಸ ಸಂಪರ್ಕದ ಖರ್ಚು, ಓಡಾಟ ಎರಡೂ ಬೀಳುತ್ತದೆ, ಅಲ್ಲಿಯವರೆಗೆ ಬಿಡಬೇಡಿ.

ಕರೆಂಟ್ ಬಂದ ಮೇಲೆ ಮುಂದಿನ ತಿಂಗಳ ಬಿಲ್ಲನ್ನು ರಸೀದಿ ಪಕ್ಕ ಇಟ್ಟು ನೋಡಿ. ಕಟ್ಟಿದ ಕಂತು ಜಮಾ ಆಗಿದೆಯಾ, ಬಾಕಿ ಅಷ್ಟು ಇಳಿದಿದೆಯಾ, ಗೃಹಜ್ಯೋತಿಯ ಯೂನಿಟ್ ಕಳೆದಿದ್ದಾರಾ. ಇಲ್ಲದಿದ್ದರೆ ಎರಡರ ನಕಲು ತೆಗೆಸಿ, ಕೊನೆ ದಿನ ಬರುವ ಮೊದಲೇ ಅದೇ ಆಫೀಸಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ.